ಜಲಪ್ರಳಯವೂ ಬೀಜರಕ್ಷಣೆಯೂ

ಜಲಪ್ರಳಯದ ಕಥೆ ಯಾವುದೋ ಒಂದು ನಾಡಿಗೆ ಮೀಸಲಾದುದಲ್ಲ. ಶತಪಥ ಬ್ರಾಹ್ಮಣದಲ್ಲಿ ಮತ್ಸ್ಯವೊಂದು ಮನುವಿಗೆ ಮುನ್ನೆಚ್ಚರಿಕೆಯಿತ್ತು ಅವನ ನಾವೆಯನ್ನು ಉತ್ತರದ ಗಿರಿಗೆ ಸೆಳೆದೊಯ್ಯುತ್ತದೆ. ಬ್ಯಾಬಿಲೋನಿಯದ ಗಿಲ್ಗಮೇಶ್ ಕಾವ್ಯದಲ್ಲಿ ಉತ್ನಪಿಷ್ಟಿಮನು ಹಡಗನ್ನು ಕಟ್ಟುತ್ತಾನೆ. ಬೈಬಲ್ಲಿನಲ್ಲಿ ನೋಹನು ಪ್ರಾಣಿಗಳನ್ನು ಜೋಡಿಜೋಡಿಯಾಗಿ ನಾವೆಗೇರಿಸುತ್ತಾನೆ. ಭೂಮಂಡಲವೆಲ್ಲ ನೀರಿನಲ್ಲಿ ಮುಳುಗಿದ ಮೇಲೆ ಗಿಡಮರಗಳೂ ಪಶುಪಕ್ಷಿಗಳೂ ಮರಳಿ ತಲೆಯೆತ್ತಲು ಸಾಧ್ಯವೇ ಎಂಬುದು ಈ ಕಥೆಗಳನ್ನೋದುವವರಿಗೆ ಸಹಜವಾಗಿ ಮೂಡುವ ಪ್ರಶ್ನೆ.

ಈ ಪ್ರಶ್ನೆ ಆಧುನಿಕರದು ಮಾತ್ರವೆಂದು ಭಾವಿಸಬೇಕಾಗಿಲ್ಲ. ಶತಪಥ ಬ್ರಾಹ್ಮಣದ ಕಥೆಯಲ್ಲಿ ಬೀಜಗಳ ಪ್ರಸ್ತಾಪವಿಲ್ಲ; ಮನುವೊಬ್ಬನೇ ಉಳಿಯುತ್ತಾನೆ. ಮಹಾಭಾರತದ ವನಪರ್ವದಲ್ಲಾದರೋ ಮನುವು ಸಪ್ತರ್ಷಿಗಳೊಡನೆ ಬೀಜಗಳನ್ನೂ ಒಯ್ಯುತ್ತಾನೆ. ಭಾಗವತದ ಸತ್ಯವ್ರತನು ಓಷಧಿಗಳನ್ನೂ ಬೀಜಗಳನ್ನೂ ಜೊತೆಗಿರಿಸಿಕೊಳ್ಳುತ್ತಾನೆ. ಪ್ರಳಯಾನಂತರ ಹಸುರು ಎಲ್ಲಿಂದ ಬರಬೇಕೆಂಬ ಶಂಕೆಗೆ ಈ ಕಥನಗಳಲ್ಲಿಯೇ ಸಮಾಧಾನವಿದೆ.

ನೀರಿನಲ್ಲಿ ನೆನೆದ ಬೀಜ ಎಷ್ಟು ಕಾಲ ಜೀವ ಹಿಡಿದೀತು? ಚಾರ್ಲ್ಸ್ ಡಾರ್ವಿನ್ ಇದನ್ನು ಪರೀಕ್ಷಿಸಿ 1859ರ ತನ್ನ ಗ್ರಂಥದಲ್ಲಿ ಫಲಿತಾಂಶವನ್ನು ದಾಖಲಿಸಿದ್ದಾನೆ. ಉಪ್ಪುನೀರಿನಲ್ಲಿಟ್ಟ 87 ಬಗೆಯ ಬೀಜಗಳಲ್ಲಿ 64 ಬಗೆಗಳು 28 ದಿನಗಳ ತರುವಾಯವೂ ಮೊಳೆತವು; 137 ದಿನಗಳನ್ನು ತಾಳಿದವು ಕೆಲವು ಮಾತ್ರ. ಬೈಬಲ್ಲಿನ ಪ್ರಕಾರ ಜಲವು ಭೂಮಿಯ ಮೇಲೆ ಪ್ರಬಲವಾಗಿದ್ದುದು 150 ದಿನ. ನೆಲ ಪೂರ್ತಿ ಒಣಗಲು ಹಿಡಿದದ್ದು ವರ್ಷಕ್ಕೂ ಹೆಚ್ಚು ಕಾಲ. ಇಸ್ರೇಲಿನ ಮಸಾದ ಕೋಟೆಯಲ್ಲಿ ದೊರೆತ ಸುಮಾರು 2000 ವರ್ಷಗಳ ಹಿಂದಿನ ಖರ್ಜೂರದ ಬೀಜ 2005ರಲ್ಲಿ ಮೊಳೆತುದು ನಿಜ. ಆದರೆ ಅದನ್ನು ಕಾಪಾಡಿದ್ದು ಮರುಭೂಮಿಯ ಶುಷ್ಕತೆಯೇ ಹೊರತು ನೀರಲ್ಲ.

ಸರ್ವನಾಶದ ಬಳಿಕ ಜೀವವು ಮರಳಿದ ನಿದರ್ಶನಗಳು ಇಲ್ಲದಿಲ್ಲ. ಇಂಡೋನೇಷ್ಯದ ಕ್ರಾಕಟೋವ ದ್ವೀಪ 1883ರ ಆಗಸ್ಟ್‌ನಲ್ಲಿ ಸಿಡಿದು ಬೂದಿಯಲ್ಲಿ ಹೂತುಹೋಯಿತು. 1884ರಲ್ಲಿ ಅಲ್ಲಿಗೆ ಹೋದವರಿಗೆ ಕಂಡದ್ದು ಒಂದು ಜೇಡ ಮಾತ್ರ. 1886ರ ಹೊತ್ತಿಗೆ ಜರಿಗಿಡಗಳು ಹಬ್ಬಿದ್ದವು. ಅರ್ಧ ಶತಮಾನದೊಳಗೆ ಕಾಡು ಬೆಳೆದಿತ್ತು. ಆದರೆ ಇದಕ್ಕೆ ಕಾರಣವನ್ನು ಮರೆಯಲಾಗದು. ಜಾವಾ, ಸುಮಾತ್ರಾಗಳು ಹತ್ತಿರದಲ್ಲಿದ್ದುದರಿಂದ ಗಾಳಿ, ಅಲೆ, ಹಕ್ಕಿಗಳು ಬೀಜಗಳನ್ನು ಹೊತ್ತುತಂದವು. ಸಮಸ್ತ ಭೂಮಿಯೂ ಮುಳುಗಿದ ಪಕ್ಷದಲ್ಲಿ ಕೊಡುವ ನೆರೆನಾಡು ಯಾವುದು?

ಪ್ರಾಣಿಗಳ ಸ್ಥಿತಿ ಇನ್ನೂ ಕಠಿನ. ನಾವೆಯಿಂದಿಳಿದ ಸಿಂಹದ ಜೋಡಿಯ ಮೊದಲ ದಿನದ ಆಹಾರವೇ ಜಿಂಕೆಯ ಕುಲವನ್ನು ಅಳಿಸಬಲ್ಲದು. ಹುಲ್ಲು ಸಮೃದ್ಧವಾಗಿ, ಅದನ್ನು ಮೇಯುವ ಮೃಗಗಳು ನೂರ್ಮಡಿಯಾದ ಮೇಲೆಯೇ ಬೇಟೆಯ ಪ್ರಾಣಿ ಬದುಕೀತು. ಉಪ್ಪುನೀರು ಸಿಹಿನೀರುಗಳು ಬೆರೆತಾಗ ಹಲವು ಮೀನುಗಳೂ ಅಳಿಯುತ್ತವೆ. ಉತ್ತರ ಅಮೆರಿಕದ ಪಶ್ಚಿಮ ತೀರದ ಆನೆಸೀಲ್‌ಗಳು ಬೇಟೆಗೆ ಸಿಕ್ಕಿ 19ನೆಯ ಶತಮಾನದ ಕೊನೆಗೆ ಬೆರಳೆಣಿಕೆಯಷ್ಟಾಗಿದ್ದು, ಇಂದು ಲಕ್ಷ ಮೀರಿವೆ. ಆದರೆ ಅವುಗಳ ಕಡಲೂ ಆಹಾರವೂ ಹಾಳಾಗಿರಲಿಲ್ಲ. ಅಷ್ಟಾದರೂ ಅವುಗಳ ವಂಶವಾಹಿ ವೈವಿಧ್ಯ ಇಂದಿಗೂ ಅತ್ಯಲ್ಪ.

ಅತ್ಯುನ್ನತ ಶಿಖರಗಳನ್ನೂ ಮುಳುಗಿಸಲು ಈಗಿನ ಸಾಗರಗಳ ಮೂರು ಪಟ್ಟಿಗೂ ಮಿಗಿಲಾದ ನೀರು ಹೆಚ್ಚುವರಿಯಾಗಿ ಬೇಕು. ಕ್ಯಾಲಿಫೋರ್ನಿಯದ ಬ್ರಿಸ್ಟಲ್‌ಕೋನ್ ಪೈನ್ ಮರಗಳಲ್ಲೊಂದು 4800 ವರ್ಷಗಳಿಗೂ ಹೆಚ್ಚು ಕಾಲದಿಂದ ಬದುಕಿದೆ. ಆದ್ದರಿಂದ ವಿಶ್ವವ್ಯಾಪಿ ಪ್ರಳಯವನ್ನು ಅಕ್ಷರಶಃ ಇತಿಹಾಸವೆಂದು ಗ್ರಹಿಸುವುದು ಯುಕ್ತವಲ್ಲ. ನದೀಬಯಲುಗಳ ಭೀಕರ ನೆರೆಗಳ ನೆನಪು ಇಂಥ ಕಥೆಗಳಲ್ಲಿ ಹುದುಗಿರಬಹುದು.

ಹಾಗೆಂದು ಕಥೆ ನಿರರ್ಥಕವಾಗುವುದಿಲ್ಲ. ಧನಕನಕಗಳನ್ನು ಬಿಟ್ಟು ಬೀಜವನ್ನು ಉಳಿಸಿಕೊಳ್ಳಬೇಕೆಂಬ ವಿವೇಕ ಅದರಲ್ಲಿದೆ. ಈ ವಿವೇಕಕ್ಕೆ ಪ್ರಾಣವನ್ನೇ ತೆತ್ತವರುಂಟು. 1941ರಿಂದ 1944ರವರೆಗೆ ಲೆನಿನ್‌ಗ್ರಾಡ್ ನಗರ ಮುತ್ತಿಗೆಗೆ ಒಳಗಾಗಿದ್ದಾಗ, ವಿಜ್ಞಾನಿ ನಿಕೊಲಾಯ್ ವವಿಲೋವ್ ಕಟ್ಟಿದ್ದ ಬೀಜಭಂಡಾರವನ್ನು ಕಾಯುತ್ತಿದ್ದ ಹಲವರು ಹಸಿವಿನಿಂದ ಮಡಿದರು. ಭತ್ತದ ತಳಿಗಳ ಪಾಲಕನಾಗಿದ್ದ ದ್ಮಿತ್ರಿ ಇವಾನೋವ್ ಧಾನ್ಯದ ಮೂಟೆಗಳ ನಡುವೆಯೇ ಅಸುನೀಗಿದನು. ಬಿತ್ತನೆಯ ಕಾಳನ್ನು ಮುಟ್ಟಲಿಲ್ಲ. ವವಿಲೋವ್ ತಾನೂ 1943ರಲ್ಲಿ ಸೆರೆಮನೆಯಲ್ಲಿ ತೀರಿಕೊಂಡನು.

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸ್ತೋಮದ ಹಿಮಗಟ್ಟಿದ ಬೆಟ್ಟದೊಳಗೆ 2008ರಲ್ಲಿ ಜಾಗತಿಕ ಬೀಜಕೋಶವೊಂದು ತೆರೆಯಿತು. ಸಿರಿಯದ ಯುದ್ಧದಿಂದಾಗಿ ಅಲೆಪ್ಪೊ ಬಳಿಯ ಬೀಜಸಂಗ್ರಹ ಕೈತಪ್ಪಿದಾಗ, 2015ರಲ್ಲಿ ಅಲ್ಲಿಂದಲೇ ಬೀಜಗಳನ್ನು ಹಿಂಪಡೆದು ಬೇರೆಡೆ ಬಿತ್ತಿ ಬೆಳೆಯಲಾಯಿತು. 2017ರಲ್ಲಿ ಹೊಸ ಬೀಜಗಳು ಮತ್ತೆ ಆ ಕೋಶವನ್ನು ಸೇರಿದವು. ಕ್ರಾಕಟೋವಕ್ಕೆ ಜಾವಾ, ಸುಮಾತ್ರಾಗಳು ಮಾಡಿದ ಉಪಕಾರವನ್ನು ಇಲ್ಲಿ ಮನುಷ್ಯನ ಮುಂದಾಲೋಚನೆ ಮಾಡಿತು. ಅಳಿದುದು ಮರಳಿ ಬರಬೇಕಾದರೆ ಎಲ್ಲಿಯಾದರೂ ಒಂದೆಡೆ ಅದು ಉಳಿದಿರಲೇಬೇಕು. ಮನುವಿನ ನಾವೆಯ ಕಥೆಯನ್ನು ಓದುವವರು ಗ್ರಹಿಸಬೇಕಾದ ಅರ್ಥ ಇದು.