ಮಲ್ಪೆಯ ಕಡಲಲ್ಲೊಂದು ಕಲ್ಲಿನ ಪಾಠಶಾಲೆ

ನಿಪ್ಪಾಣಿಯ ಹೊಲಗಳಲ್ಲಿ ತಂಬಾಕು ಬೆಳೆಯುವ ಕಪ್ಪು ಮಣ್ಣು ಎಲ್ಲಿಂದ ಬಂತು? ಶಾಲೆಗೆ ಹೋಗುವ ಮಗಳು ಹೀಗೆ ಕೇಳಿದರೆ ನಮ್ಮಲ್ಲಿ ಎಷ್ಟು ತಾಯಂದಿರು ಉತ್ತರ ಹೇಳಬಲ್ಲೆವು? ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿದ ಲಾವಾರಸ ಪದರ ಪದರವಾಗಿ ತಣಿದು ಕಪ್ಪು ಕಲ್ಲಾಯಿತು. ಆ ಕಲ್ಲು ಮಳೆ-ಬಿಸಿಲಿಗೆ ಸವೆದು ಎರೆಮಣ್ಣಾಯಿತು.

ಇದಕ್ಕಿಂತಲೂ ಹಳೆಯ ಲಾವಾದ ಕಥೆಯನ್ನು ಕಣ್ಣಾರೆ ನೋಡಬೇಕಾದರೆ ಉಡುಪಿ ಜಿಲ್ಲೆಯ ಮಲ್ಪೆಗೆ ಹೋಗಬೇಕು. ಅಲ್ಲಿಂದ ದೋಣಿಯಲ್ಲಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದರೆ, ಯಾರೋ ಕಡೆದು ನಿಲ್ಲಿಸಿದಂತಹ ಕಲ್ಲಿನ ಕಂಬಗಳ ಸಾಲು ಕಾಣುತ್ತದೆ. ಐದು, ಆರು, ಏಳು ಮುಖಗಳ ಕಂಬಗಳು. ಎತ್ತರದವು ಸುಮಾರು 6 ಮೀಟರ್. ಬೇಸಿಗೆಯಲ್ಲಿ ಒಣಗಿದ ಎರೆಹೊಲ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ? ಹಾಗೆಯೇ ತಣಿಯುತ್ತಾ ಕುಗ್ಗಿದ ಲಾವಾ ಬಿರುಕು ಬಿಟ್ಟು ಕಂಬಗಳಾದವು. ಇವುಗಳ ವಯಸ್ಸು ಸುಮಾರು 8.8 ಕೋಟಿ ವರ್ಷ. ಅದು ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲ. ಈಗ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಬಿಡುವಿದ್ದರೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ ವಸ್ತುಸಂಗ್ರಹಾಲಯವನ್ನೂ ನೋಡಬಹುದು. 1913ರಲ್ಲಿ ಆರಂಭವಾದ ಇಲ್ಲಿ ಖನಿಜಗಳು, ಶಿಲೆಗಳು, ಹಳೆಯ ನಾಣ್ಯಗಳಿವೆ.

ಕಲ್ಲು-ಮಣ್ಣಿನ ವಿದ್ಯೆ ಹೆಣ್ಣುಮಕ್ಕಳಿಗೇಕೆ ಎನ್ನುವವರೂ ಇದ್ದಾರೆ. ಇಂಗ್ಲೆಂಡಿನ ಕಡಲೂರು ಲೈಮ್ ರೀಜಿಸ್‌ನಲ್ಲಿ 1799ರಲ್ಲಿ ಹುಟ್ಟಿದ ಮೇರಿ ಆ್ಯನಿಂಗ್ ಬಡ ಬಡಗಿಯ ಮಗಳು. ಕಡಲಂಚಿನ ಬಂಡೆಗಳಲ್ಲಿ ಸಿಗುವ ಪಳೆಯುಳಿಕೆಗಳನ್ನು ಮಾರಿ ಹೊಟ್ಟೆ ಹೊರೆಯುತ್ತಿದ್ದಳು. 1823ರಲ್ಲಿ ಆಕೆ ಪತ್ತೆ ಹಚ್ಚಿದ ಪ್ಲೀಸಿಯೊಸಾರ್ ಎಂಬ ಕಡಲ ಪ್ರಾಣಿಯ ಪೂರ್ಣ ಅಸ್ಥಿಪಂಜರ ವಿದ್ವಾಂಸರನ್ನೇ ಬೆರಗಾಗಿಸಿತು. ಆದರೆ ಹೆಣ್ಣೆಂಬ ಕಾರಣಕ್ಕೆ ಲಂಡನ್ನಿನ ಭೂವೈಜ್ಞಾನಿಕ ಸಂಘದ ಬಾಗಿಲು ಆಕೆಗೆ ತೆರೆಯಲೇ ಇಲ್ಲ. 1847ರಲ್ಲಿ ಆಕೆ ತೀರಿಕೊಂಡಳು. ಇಂದು ಆಕೆಯ ಮನೆಯಿದ್ದ ಜಾಗದಲ್ಲೇ ಊರಿನ ವಸ್ತುಸಂಗ್ರಹಾಲಯವಿದೆ. ನಮ್ಮ ಮನೆಯ ಮೇರಿಯರು ಪ್ರಶ್ನೆ ಕೇಳಿದಾಗ "ಸುಮ್ಮನಿರು" ಎನ್ನುವ ಮುನ್ನ ಇದು ನೆನಪಿರಲಿ.

ಹೊರಡುವವರಿಗೆ ಕೆಲವು ಮಾತು. ನಿಪ್ಪಾಣಿ ಕಡೆಯವರು ಹುಬ್ಬಳ್ಳಿ, ಅಂಕೋಲಾ ಮಾರ್ಗವಾಗಿ ಉಡುಪಿ ತಲುಪಬಹುದು. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಇರುವುದಿಲ್ಲ, ಚಳಿಗಾಲ ಒಳ್ಳೆಯದು. ದ್ವೀಪದಲ್ಲಿ ತಂಗಲು ವ್ಯವಸ್ಥೆಯಿಲ್ಲ, ಸಂಜೆಯೊಳಗೆ ಮರಳಬೇಕು. ಬಂಡೆಗಳು ಜಾರುತ್ತವೆ, ಅಲೆಯ ಸೆಳೆತ ಜೋರು. ಫೋಟೋ ಹುಚ್ಚಿಗೆ ಅಂಚಿಗೆ ಹೋಗುವುದು ಬೇಡ, ಮಕ್ಕಳ ಕೈ ಬಿಡಬೇಡಿ. ಬುತ್ತಿ ಕಟ್ಟಿಕೊಂಡು ಹೋದರೆ ಪ್ಲಾಸ್ಟಿಕ್ ಚೀಲವನ್ನು ಮರಳಿ ತನ್ನಿ. ಕಲ್ಲಿನ ಮೇಲೆ ಹೆಸರು ಕೆತ್ತುವುದು, ನೆನಪಿಗೆಂದು ಚೂರು ಒಡೆದು ತರುವುದು ಸಲ್ಲದು. ಕೋಟಿ ವರ್ಷಗಳ ಆ ಕಂಬ ಒಮ್ಮೆ ಒಡೆದರೆ ಅದನ್ನು ಮತ್ತೆ ಕಟ್ಟಿಕೊಡುವ ಮೇಸ್ತ್ರಿ ಯಾರೂ ಇಲ್ಲ.