ನರ್ಸ್ ಸಹೋದರಿಯರ ಒಡೆದ ಕೈಗಳು
ಅಂಬಾಜಿದುರ್ಗದ ಸುತ್ತಲ ಊರುಗಳಿಂದ ಚಿಂತಾಮಣಿಯ ಆಸ್ಪತ್ರೆಗಳಿಗೆ ಹೋಗುವ ನಮ್ಮ ನರ್ಸ್ ಸಹೋದರಿಯರಲ್ಲಿ ಕೆಲವರು, ಸೋಪಿನಿಂದ ಕೈ ಒಡೆದರೂ ಆಲ್ಕೋಹಾಲ್ ಇದೆಯೆಂದು ಸ್ಯಾನಿಟೈಸರ್ ಮುಟ್ಟಲು ಹಿಂಜರಿಯುತ್ತಾರೆ. ರೋಗಾಣು ಕೊಲ್ಲಲು ಅದನ್ನು ಮೈಮೇಲೆ ಬಳಸಬಹುದೆಂದು 2002ರಲ್ಲಿ ಮಕ್ಕಾದಲ್ಲಿ ಸೇರಿದ ರಾಬಿತಾದ ವಿದ್ವಾಂಸರು ತೀರ್ಮಾನಿಸಿದ್ದಾರೆ. ಸೋಪು ಚರ್ಮದ ಪಸೆಯನ್ನೇ ತೆಗೆಯುತ್ತದೆ. ಗ್ಲಿಸರಿನ್ ಬೆರೆತ ಸ್ಯಾನಿಟೈಸರ್ ಅಷ್ಟು ಒಣಗಿಸದು. ಒಡೆದ ಕೈಗೆ ಅದು ಉರಿಯುತ್ತದೆ ನಿಜ, ಆದರೆ ಒಡೆಸಿದ್ದು ಸೋಪು. ಕೊಳೆ, ರಕ್ತ ಕಂಡರೆ ಸೋಪೇ ಬೇಕು. ಆಗ ಬಿಸಿನೀರು ಬೇಡ. ಉಜ್ಜದೆ ಬಟ್ಟೆಯಿಂದ ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಗ್ಲೌಸ್ ಹಾಕಿ.

ಕೊಬ್ಬರಿ ಎಣ್ಣೆ, ವ್ಯಾಸಲೀನ್ ಡ್ಯೂಟಿಯಲ್ಲಿ ಬೇಡ, ಜಿಡ್ಡಿಗೆ ರಬ್ಬರ್ ಗ್ಲೌಸ್ ಹಾಳಾಗುತ್ತದೆ. ಮನೆಗೆ ಬಂದು ಮಲಗುವಾಗ ಧಾರಾಳವಾಗಿ ಹಚ್ಚಿ. ಫಜ್ರ್‌ನ ವುಝೂವಿಗೆ ಎಣ್ಣೆಯ ಪಸೆ ಅಡ್ಡಿಯಲ್ಲ; ನೀರು ಚರ್ಮಕ್ಕೆ ತಾಗದಂತೆ ಪದರ ಕಟ್ಟಿದ್ದರೆ ಮೊದಲು ಒರೆಸಿಬಿಡಿ. ವುಝೂವಿಗೆ ಸೋಪು ಬೇಕಿಲ್ಲ, ನೀರೇ ಸಾಕು.