ಚಕ್ರದ ಬಿಸಿ ಆರುವ ಮೊದಲು

ಬಸ್ಸಿನ ಬ್ರೇಕ್ ಹೇಗಿದೆ ಎಂದು ತಿಳಿಯಬೇಕಾದರೆ ಗಾಡಿ ಡಿಪೋಗೆ ಬಂದು ನಿಂತ ಕೂಡಲೇ ಚಕ್ರಗಳ ಬಳಿ ಹೋಗಬೇಕು. ಅಂಗೈ ಒತ್ತಿದರೆ ಸುಡುತ್ತದೆ. ಕೈಯ ಹಿಂಬದಿಯನ್ನು ಹತ್ತಿರ ಹಿಡಿದರೆ ಸಾಕು. ನಾಲ್ಕು ಹಬ್‌ಗಳಲ್ಲಿ ಒಂದು ಮಾತ್ರ ವಿಪರೀತ ಕಾದಿದ್ದರೆ ಅಲ್ಲಿ ಲೈನಿಂಗ್ ಡ್ರಮ್ಮಿಗೆ ಉಜ್ಜಿಕೊಂಡೇ ಓಡಿರುತ್ತದೆ, ಇಲ್ಲವೇ ಬೇರಿಂಗ್ ಹೋಗುತ್ತಿರುತ್ತದೆ. ಒಂದು ಮಾತ್ರ ತಣ್ಣಗಿದ್ದರೆ ಆ ಚಕ್ರಕ್ಕೆ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ. ಬೆಳಗ್ಗೆ ಬಂದವರಿಗೆ ಇದು ಸಿಗುವುದಿಲ್ಲ, ಅಷ್ಟರಲ್ಲಿ ನಾಲ್ಕೂ ಆರಿರುತ್ತವೆ. ರಾತ್ರಿ ಪಾಳಿ ಯಾಕೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನಾನು ಮಂಗಳೂರಿನಲ್ಲಿ ಬಸ್ ಮೆಕ್ಯಾನಿಕ್. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಬರುವ ಗಾಡಿಗಳು ನಮ್ಮಲ್ಲಿಗೆ ಬರುತ್ತವೆ. ಡ್ರೈವರ್ ಲಾಗ್‌ಶೀಟಿನಲ್ಲಿ ‘ಎಡಕ್ಕೆ ಎಳೆಯುತ್ತದೆ’, ‘ಪಿಕಪ್ ಇಲ್ಲ’ ಎಂದು ಎರಡೇ ಮಾತು ಬರೆದು ಹೋಗಿರುತ್ತಾರೆ. ಅದರ ಮೂಲ ಹುಡುಕಿ, ಮುಂಜಾನೆಯ ಮೊದಲ ಶೆಡ್ಯೂಲ್ ಹೊರಡುವುದರೊಳಗೆ ಗಾಡಿ ಬಿಡಬೇಕು.

ದೊಡ್ಡ ಬಸ್ಸು ನಿಲ್ಲುವುದು ಗಾಳಿಯ ಬಲದಿಂದ. ಎಂಜಿನ್ ಓಡಿಸುವ ಕಂಪ್ರೆಸರ್ ಟ್ಯಾಂಕ್‌ಗಳಿಗೆ ಗಾಳಿ ತುಂಬುತ್ತದೆ. ಪೆಡಲ್ ಒತ್ತಿದಾಗ ಆ ಗಾಳಿ ಚೇಂಬರಿನ ರಾಡನ್ನು ತಳ್ಳಿ, ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಲೈನಿಂಗ್ ಸವೆದಷ್ಟೂ ರಾಡ್ ದೂರ ಚಲಿಸಬೇಕಾಗುತ್ತದೆ. ಅಳತೆ ಮೀರಿದರೆ ಹಿಡಿತ ಹೋಗುತ್ತದೆ. ಗಾಡಿಯ ಕೆಳಗಿನ ಪಿಟ್ಟಿಗಿಳಿದು, ಆ ಚಲನೆಯನ್ನು ಸರಿಹೊಂದಿಸುವ ಸ್ಲಾಕ್ ಅಡ್ಜಸ್ಟರ್ ನೋಡುವುದು ಇದಕ್ಕಾಗಿ. ಗಾಳಿ ಒತ್ತಿದಾಗ ಅದರಲ್ಲಿನ ತೇವ ನೀರಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ಡ್ರೈನ್ ಎಳೆದಾಗ ಟ್ಯಾಂಕಿನಿಂದ ಕಂದು ನೀರು ಚಿಮ್ಮುತ್ತದೆ. ಅದು ಒಳಗೇ ಉಳಿದರೆ ವಾಲ್ವ್‌ಗಳು ತುಕ್ಕು ಹಿಡಿಯುತ್ತವೆ.

ಹಿಂದಿನ ಚಕ್ರಗಳ ಚೇಂಬರಿನಲ್ಲಿ ಬಲವಾದ ಸ್ಪ್ರಿಂಗ್ ಒಂದಿದೆ. ಗಾಳಿ ಇರುವಷ್ಟು ಹೊತ್ತು ಅದು ಅದುಮಿಕೊಂಡಿರುತ್ತದೆ, ಗಾಳಿ ಇಳಿದರೆ ಬಿಚ್ಚಿಕೊಂಡು ಬ್ರೇಕ್ ಹಾಕುತ್ತದೆ. ಪ್ರಯಾಣಿಕರನ್ನು ಕಾಯುವ ಇದೇ ಸ್ಪ್ರಿಂಗ್, ಬೋಲ್ಟ್ ಹಾಕಿ ಬಂಧಿಸದೆ ಚೇಂಬರ್ ಬಿಚ್ಚಿದವನ ಜೀವ ತೆಗೆಯಬಲ್ಲದು. ಹೊಸ ಹುಡುಗರಿಗೆ ಸ್ಪ್ಯಾನರ್ ಕೊಡುವ ಮೊದಲೇ ಇದನ್ನು ತೋರಿಸುತ್ತೇನೆ.

ಇಂಥ ಕೆಲಸಕ್ಕೆ ಎಚ್ಚರ ಬೇಕು, ಆದರೆ ರಾತ್ರಿ ಎರಡರಿಂದ ಐದರವರೆಗೆ ದೇಹ ನಿದ್ದೆಯನ್ನೇ ಬೇಡುತ್ತದೆ. ಆ ಹೊತ್ತಿನಲ್ಲಿ ‘ಬಿಗಿ ಮಾಡಿದ್ದೇನೆ’ ಎಂಬ ನೆನಪನ್ನು ನಂಬಬಾರದು. ಒಬ್ಬ ಬಿಗಿ ಮಾಡಿದ ಚಕ್ರದ ನಟ್ಟುಗಳನ್ನು ಇನ್ನೊಬ್ಬ ನೋಡಬೇಕು, ಸುತ್ತಿಗೆಯಿಂದ ತಟ್ಟಿದಾಗ ಬರುವ ಸದ್ದನ್ನೂ ಕೇಳಬೇಕು. ಸಡಿಲವಾದದ್ದು ಮೊಂಡಾಗಿ ಸದ್ದು ಮಾಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಮತ್ತೆ 2019ರಲ್ಲಿ, ದೇಹದ ಲಯ ಕೆಡಿಸುವ ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರುವ ಸಂಭವವಿರುವ ಕೆಲಸಗಳ ಪಟ್ಟಿಗೆ ಸೇರಿಸಿತು. ರಾತ್ರಿ ದುಡಿಯುವವನಿಗೆ ಹಗಲಿನ ನಿದ್ದೆಯೂ ಕೆಲಸದ ಒಂದು ಭಾಗ. ಮದುವೆ, ತಿಥಿ, ಬ್ಯಾಂಕು ಎಂದು ನಮ್ಮನ್ನು ಮಧ್ಯಾಹ್ನ ಎಬ್ಬಿಸುವ ಮನೆಯವರಿಗೆ ಇದು ಅರ್ಥವಾಗಬೇಕು.

2020ರ ಏಪ್ರಿಲ್‌ನಿಂದ ಹೊಸ ವಾಹನಗಳ ಹೊಗೆಗೆ ಬಿಎಸ್-6 ನಿಯಮ ಬಂದ ಮೇಲೆ ನಮ್ಮ ಕೆಲಸವೂ ಬದಲಾಗಿದೆ. ಹೊಗೆ ಶುದ್ಧಿಗೆ ಶೇ. 32.5ರಷ್ಟು ಯೂರಿಯಾ ಇರುವ ದ್ರಾವಣ ಬೇಕು, ದೋಷ ಹುಡುಕಲು ಸ್ಕ್ಯಾನರ್ ಬೇಕು. ಐಟಿಐ ಮುಗಿಸಿ ಬಂದ ಹುಡುಗರು ಇದನ್ನು ನಮಗಿಂತ ಬೇಗ ಕಲಿಯುತ್ತಾರೆ. ಆದರೆ ತಣ್ಣಗಿರುವ ಹಬ್ಬನ್ನು ಕೈಯಿಂದ ಗುರುತಿಸುವುದನ್ನು ನಾವೇ ಕಲಿಸಬೇಕು.

ಮುಂಜಾನೆ ನಿಮ್ಮ ಬಸ್ಸು ಹತ್ತು ನಿಮಿಷ ತಡವಾಗಿ ಡಿಪೋ ಬಿಟ್ಟರೆ ಕಂಡಕ್ಟರ್ ಮೇಲೆ ರೇಗಬೇಡಿ. ‘ಇನ್ನೊಮ್ಮೆ ನೋಡಿಯೇ ಬಿಡುತ್ತೇನೆ’ ಎಂದು ಹಟ ಹಿಡಿದ ಮೆಕ್ಯಾನಿಕ್‌ಗೆ ಆ ಹತ್ತು ನಿಮಿಷ ಸಿಗಲೇಬೇಕು. ಘಾಟಿಯಲ್ಲಿ ನಿಮ್ಮ ಡ್ರೈವರ್ ಪೆಡಲ್ ಒತ್ತುವುದು ಆ ಹಟವನ್ನು ನಂಬಿಯೇ.